ಆ ಮೂರನೇ ಸಾಲು: ಮಕ್ಕಳಿಗೆ ಸ್ವಾರಸ್ಯ ಬರೆಯಲು, ಓದಿದ್ದು ನೆನಪಿಡಲು ಕಲಿಸುವುದು ಹೇಗೆ?

ದಸರಾ ರಜೆ ಮುಗಿದ ವಾರ ಉತ್ತರ ಪತ್ರಿಕೆಗಳು ಮನೆಗೆ ಬಂದವು. ನನ್ನ ತಂಗಿಯ ಮಗ ಏಳನೇ ಕ್ಲಾಸು. ಕನ್ನಡದಲ್ಲಿ ಉಳಿದದ್ದೆಲ್ಲ ಚೆನ್ನಾಗಿಯೇ ಬರೆದಿದ್ದ. ಅಂಕ ಹೋಗಿದ್ದು ಒಂದೇ ಜಾಗದಲ್ಲಿ, ಅದೂ ಮೂರು ಸಲ. 'ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ' ಅನ್ನುವ ಪ್ರಶ್ನೆ ಗೊತ್ತಲ್ಲ? ಮೊದಲ ಸಾಲು ಆಯ್ಕೆ, ಅಂದರೆ ಆ ಮಾತು ಯಾವ ಪಾಠದ್ದು ಅನ್ನುವುದು; ಅದಕ್ಕೆ ಅಂಕ ಬಂದಿದೆ, ಎರಡನೆಯದಾದ ಸಂದರ್ಭಕ್ಕೂ ಬಂದಿದೆ. ಮೂರನೇ ಸಾಲಾದ ಸ್ವಾರಸ್ಯದ ಪಕ್ಕದಲ್ಲಿ ಮಾತ್ರ ಕೆಂಪು ಸೊನ್ನೆ.

ಅವನು ಬರೆದಿದ್ದು ಇಷ್ಟು: "ಸ್ವಾರಸ್ಯ: ಇಲ್ಲಿ ಕವಿಯು ಈ ಮಾತನ್ನು ಬಹಳ ಸ್ವಾರಸ್ಯಕರವಾಗಿ ವರ್ಣಿಸಿದ್ದಾರೆ." ಮೂರೂ ಪ್ರಶ್ನೆಗೆ ಅದೇ ಸಾಲು. ಒಂದು ಕಡೆ ಕವಿಯ ಬದಲು ಲೇಖಕರು ಅಂತ ಮಾಡಿದ್ದ, ಅಷ್ಟೇ ವ್ಯತ್ಯಾಸ.

"ದೊಡ್ಡಮ್ಮ, ಸ್ವಾರಸ್ಯ ಅಂದ್ರೆ ಏನು?" ಅಂತ ಕೇಳಿದ. ಉತ್ತರ ಹೇಳೋಣ ಅಂತ ಬಾಯಿ ತೆರೆದೆ. ಏನೂ ಹೊಳೆಯಲಿಲ್ಲ. ನಾನೂ ಎಸ್ಸೆಸ್ಸೆಲ್ಸಿ ತನಕ ಆ ಸಾಲನ್ನು ಹೀಗೇ ತುಂಬಿಸಿ ಪಾಸಾದವಳು.

ಆ ಸಾಲನ್ನು ತುಂಬಿಸೋದು ಹೇಗೆ, ಅದಕ್ಕೆ ಮಕ್ಕಳನ್ನು ಅಣಿ ಮಾಡುವುದು ಹೇಗೆ, ಓದಿದ್ದು ತಲೆಯಲ್ಲಿ ಉಳಿಯಬೇಕಾದರೆ ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಈಗ ಯಾಕೆ ಈ ವಿಷಯ

ಬಹಳ ವರ್ಷ ಎಂಟನೇ ಕ್ಲಾಸಿನ ತನಕ ಮಕ್ಕಳನ್ನು ಫೇಲ್ ಮಾಡುವಂತಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಹಾಗೆ ಇತ್ತು. 2019ರಲ್ಲಿ ಅದಕ್ಕೆ ತಿದ್ದುಪಡಿ ಬಂತು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ತಾನು ನಡೆಸುವ ಶಾಲೆಗಳಿಗೆ, ಅಂದರೆ ಕೇಂದ್ರೀಯ ವಿದ್ಯಾಲಯ, ನವೋದಯದಂಥ ಶಾಲೆಗಳಿಗೆ, ನಿಯಮ ಬದಲಿಸಿತು. 5 ಮತ್ತು 8ನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಮಗು ಪಾಸಾಗದಿದ್ದರೆ ಎರಡು ತಿಂಗಳೊಳಗೆ ಇನ್ನೊಂದು ಪರೀಕ್ಷೆ. ಅದರಲ್ಲೂ ಆಗದಿದ್ದರೆ ಅದೇ ತರಗತಿಯಲ್ಲಿ ಮತ್ತೊಂದು ವರ್ಷ. ತಮ್ಮ ಶಾಲೆಗಳ ಬಗ್ಗೆ ಏನು ಮಾಡಬೇಕು ಅನ್ನುವುದು ರಾಜ್ಯಗಳಿಗೆ ಬಿಟ್ಟದ್ದು.

ಸುದ್ದಿಯಲ್ಲಿ ಬಂದಿದ್ದು ಫೇಲ್ ಅನ್ನುವ ಪದ. ಅದೇ ನಿಯಮದಲ್ಲಿ ಇನ್ನೊಂದು ಮಾತಿತ್ತು. ಈ ಪರೀಕ್ಷೆಗಳು ಬಾಯಿಪಾಠದ ಮೇಲೆ ನಿಲ್ಲಬಾರದು, ಮಗುವಿನ ಸಾಮರ್ಥ್ಯವನ್ನು ನೋಡಬೇಕು ಅಂತ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದನ್ನೇ ಹೇಳಿದೆ. ಆ ನೀತಿಯ ಪ್ರಕಾರ 6ರಿಂದ 8ನೇ ತರಗತಿ ಅನ್ನುವುದು ಪ್ರತ್ಯೇಕ ಹಂತ, 11ರಿಂದ 14 ವರ್ಷದ ಮಕ್ಕಳದ್ದು. ನಮ್ಮಲ್ಲಿ ಆರು, ಏಳು ಹಿರಿಯ ಪ್ರಾಥಮಿಕಕ್ಕೆ ಸೇರುತ್ತವೆ, ಎಂಟು ಹೆಚ್ಚಿನ ಕಡೆ ಹೈಸ್ಕೂಲಿಗೆ. ಎಲ್ಲಿಗೇ ಸೇರಲಿ, ಪ್ರಶ್ನೆಗಳ ಧಾಟಿ ಬದಲಾಗುವುದು ಇಲ್ಲೇ. ಅಲ್ಲಿಯವರೆಗೆ 'ಯಾರು', 'ಎಲ್ಲಿ', 'ಯಾವಾಗ' ಇದ್ದವು. ಇಲ್ಲಿಂದ ಮುಂದೆ 'ಯಾಕೆ', 'ಹೇಗೆ' ಶುರು. ಯಾರು ಅನ್ನುವುದಕ್ಕೆ ಉತ್ತರ ಪುಸ್ತಕದಲ್ಲೇ ಇರುತ್ತದೆ, ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡರೆ ಸಾಕು. ಯಾಕೆ ಅನ್ನುವುದಕ್ಕೆ ಗೆರೆ ಎಳೆಯಲು ಜಾಗವೇ ಇರುವುದಿಲ್ಲ.

ಸಾರಾಂಶ ಬೇರೆ, ಸ್ವಾರಸ್ಯ ಬೇರೆ

ಮಕ್ಕಳು ಎಡವುವುದು ಮೊದಲು ಇಲ್ಲಿ. ಸ್ವಾರಸ್ಯ ಬರೆ ಅಂದರೆ ಕಥೆಯನ್ನೇ ಮತ್ತೊಮ್ಮೆ ಹೇಳುತ್ತಾರೆ.

ಊಟಕ್ಕೆ ಕೂತಾಗ ಅವನಿಗೆ ಕೇಳಿದೆ, "ಸಾರಿಗೆ ಏನೇನು ಹಾಕಿದೆ ಹೇಳು." "ಬೇಳೆ, ಟೊಮೆಟೊ, ಹುಣಸೆಹಣ್ಣು, ಸಾರಿನ ಪುಡಿ, ಒಗ್ಗರಣೆ." ಇದು ಸಾರಾಂಶ. ಏನಿದೆ ಅನ್ನುವುದರ ಪಟ್ಟಿ. "ಹೇಗಿದೆ?" "ಇವತ್ತು ಹುಳಿ ಜಾಸ್ತಿ." "ಹೇಗೆ ಗೊತ್ತಾಯ್ತು?" "ಟೊಮೆಟೊನೂ ಹಾಕಿದೀರ, ಹುಣಸೆನೂ ಹಾಕಿದೀರ. ಬೆಲ್ಲ ಹಾಕಿಲ್ಲ. ಅದಕ್ಕೆ ನಾಲಿಗೆ ಚುರ್ ಅಂತಿದೆ."

ಇದು ವಿಶ್ಲೇಷಣೆ. ಆ ರುಚಿ ಯಾವುದರಿಂದ ಬಂತು, ಹೇಗೆ ಬಂತು ಅಂತ ಹುಡುಕಿ ಹೇಳಿದ. ಸ್ವಾರಸ್ಯ ಅನ್ನುವ ಪದದೊಳಗೇ 'ರಸ' ಇದೆ ನೋಡಿ. ಒಂದು ಮಾತು ಓದಿದಾಗ ಮನಸ್ಸಿಗೆ ಏನೋ ಆಗುತ್ತದೆ. ನಗು ಬರಬಹುದು, ಹೊಟ್ಟೆ ಚುರುಕ್ ಅನ್ನಬಹುದು, ಸಿಟ್ಟು ಬರಬಹುದು. ಆ ಮಾತಿನಲ್ಲಿ ಯಾವುದು ಹಾಗೆ ಮಾಡಿತು ಅಂತ ತೋರಿಸುವುದೇ ಸ್ವಾರಸ್ಯ. ಅಡುಗೆ ಮನೆಯಲ್ಲಿ ದಿನಾ ಈ ಕೆಲಸ ಮಾಡುವ ಮಗುವಿಗೆ ಪರೀಕ್ಷೆಯಲ್ಲಿ ಅದು ಬರುವುದಿಲ್ಲ, ಯಾಕೆಂದರೆ ಎರಡೂ ಒಂದೇ ಕೆಲಸ ಅಂತ ಅದಕ್ಕೆ ಯಾರೂ ಹೇಳಿಲ್ಲ.

ಎರಡೇ ಸಾಲು, ಅರ್ಧ ಗಂಟೆ

ನಾವು ಹಿಡಿದಿದ್ದು ಎಲ್ಲರಿಗೂ ಗೊತ್ತಿರುವ ಗೋವಿನ ಹಾಡು. ಪುಣ್ಯಕೋಟಿಯನ್ನು ಹುಲಿ ಅಡ್ಡಗಟ್ಟುತ್ತದೆ. ಕರುವಿಗೆ ಒಂದು ಸಲ ಹಾಲು ಕೊಟ್ಟು ಬರುತ್ತೇನೆ ಅಂತ ಮಾತು ಕೊಟ್ಟು ಅವಳು ದೊಡ್ಡಿಗೆ ಬರುತ್ತಾಳೆ. ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುತ್ತಾಳೆ. ಆಗ ಹೇಳುವ ಮಾತು:

ಮುಂದೆ ಬಂದರೆ ಹಾಯಬೇಡಿ
ಹಿಂದೆ ಬಂದರೆ ಒದೆಯಬೇಡಿ

"ಇದರ ಸ್ವಾರಸ್ಯ ಏನೋ?" "ತಾಯಿಯ ಪ್ರೀತಿ" ಅಂದ, ರಪ್ಪನೆ. ಗೈಡಿನ ಉತ್ತರ. ತಪ್ಪೇನಲ್ಲ. ಆದರೆ ತಾಯಿ ಇರುವ ಯಾವ ಪದ್ಯಕ್ಕೆ ಬೇಕಾದರೂ ಈ ಉತ್ತರ ಅಂಟಿಸಬಹುದು. ಎಲ್ಲಿಗೆ ಬೇಕಾದರೂ ಅಂಟುವ ಉತ್ತರದಿಂದ ಈ ಸಾಲಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಹಾಗಾಗಿ ಪದಪದವೇ ಕೇಳುತ್ತಾ ಹೋದೆ. "ಹಸು ಮುಂದಿನಿಂದ ಏನು ಮಾಡುತ್ತೆ?" "ಕೊಂಬಲ್ಲಿ ಹಾಯುತ್ತೆ." "ಹಿಂದಿನಿಂದ?" "ಒದೆಯುತ್ತೆ." "ಇವಳು ಮಾತಾಡ್ತಿರೋದು ಯಾರ ಹತ್ರ?" "ಬೇರೆ ಹಸುಗಳ ಹತ್ರ." "ಅವು ಯಾಕೆ ಕರುವನ್ನ ಒದೆಯುತ್ವೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ನಾನೂ ಬಾಯಿ ಹಾಕಲಿಲ್ಲ. ಆಮೇಲೆ ಅಂದ: "ಅಜ್ಜನ ಮನೇಲಿ ಗೌರಿ ಹತ್ರ ಬೇರೆ ಕರು ಹಾಲಿಗೆ ಹೋದ್ರೆ ಝಾಡಿಸಿ ಒದೀತಿತ್ತಲ್ಲ."

ಅಲ್ಲಿಗೆ ಪದ್ಯ ತೆರೆದುಕೊಂಡಿತು. ನಾಳೆ ಈ ಕರು ಹಸಿದು ಯಾವುದೋ ಹಸುವಿನ ಕೆಚ್ಚಲಿಗೆ ಹೋಗುತ್ತದೆ, ಆ ಹಸು ಒದೆಯುತ್ತದೆ. ತಾನೂ ಹಸುವೇ ಆಗಿರುವುದರಿಂದ ಪುಣ್ಯಕೋಟಿಗೆ ಅದು ಗೊತ್ತು. ಇಡೀ ಸಾಲಿನಲ್ಲಿ ಪ್ರೀತಿ ಅನ್ನುವ ಪದವೇ ಇಲ್ಲ. ಕೊಂಬು, ಗೊರಸು ಮಾತ್ರ ಕಾಣುತ್ತವೆ. ಅದಕ್ಕೇ ಅದು ನಾಟುವುದು.

ಆ ಪದ್ಯದಲ್ಲೇ ಮುಂದೆ ಕರುವನ್ನು 'ತಬ್ಬಲಿ' ಅನ್ನುತ್ತಾಳೆ. "ತಬ್ಬಲಿ ಅಂದ್ರೆ?" "ಅಮ್ಮ ಇಲ್ಲದ್ದು." "ಅಮ್ಮ ಇಲ್ವಾ?" "ಇದಾಳಲ್ಲ, ಅವಳೇ ತಾನೇ ಮಾತಾಡ್ತಿರೋದು!" ಹೇಳಿದವನೇ ನನ್ನ ಮುಖ ನೋಡಿದ. ತಾನು ಬದುಕಿ ಎದುರಿಗೆ ನಿಂತಿರುವಾಗಲೇ ತನ್ನ ಕರುವನ್ನು ತಬ್ಬಲಿ ಅನ್ನುತ್ತಿದ್ದಾಳೆ. ಅಂದರೆ ಹುಲಿಗೆ ಕೊಟ್ಟ ಮಾತನ್ನು ಅವಳು ಮನಸ್ಸಿನಲ್ಲಿ ಆಗಲೇ ನಡೆಸಿ ಮುಗಿಸಿದ್ದಾಳೆ. ಒಂದು ಪದದೊಳಗೆ ಇಷ್ಟು ಕೂತಿದೆ. ನಾನು ಈ ಹಾಡನ್ನು ಚಿಕ್ಕಂದಿನಿಂದ ಹಾಡಿದ್ದೇನೆ, ನನಗೂ ಅವತ್ತೇ ಕಂಡಿದ್ದು.

ಬಿಡಿಸಿ ಹೇಳಿದರೆ ಮೂರು ಪ್ರಶ್ನೆ

ಮಗು ಯಾವ ಪದ್ಯ, ಯಾವ ಗದ್ಯ ಹಿಡಿದರೂ ಕೇಳಿಕೊಳ್ಳಬೇಕಾದದ್ದು ಇಷ್ಟೇ. ನನಗೆ ಏನು ಅನ್ನಿಸಿತು? ಯಾವ ಪದ ಓದಿ ಹಾಗನ್ನಿಸಿತು? ಆ ಪದದಿಂದ ಹಾಗೆ ಅನ್ನಿಸಿದ್ದು ಹೇಗೆ?

ಮೊದಲನೆಯದು ಅನಿಸಿಕೆ, ಎರಡನೆಯದು ಆಧಾರ, ಮೂರನೆಯದು ಕಾರಣ. ಹೆಚ್ಚಿನ ಮಕ್ಕಳು ಮೊದಲನೆಯದನ್ನು ಬರೆದು ನಿಲ್ಲಿಸುತ್ತಾರೆ. ಕೆಲವರು ಎರಡನೆಯದಕ್ಕೆ ಬಂದು ಸಾಲನ್ನು ಹಾಗೇ ಇಳಿಸುತ್ತಾರೆ. ಅಂಕ ಇರುವುದು, ಮಜಾ ಇರುವುದು ಮೂರನೆಯದರಲ್ಲಿ.

ಇಲ್ಲಿ ತಂದೆತಾಯಿ ಕೇಳುವ ಮಾತೊಂದಿದೆ. ಹಾಗಾದರೆ ಮಗು ಏನು ಹೇಳಿದರೂ ಸರಿಯಾ? ಇಲ್ಲ. ನನ್ನ ಮೇಲೇ ಇದರ ಪ್ರಯೋಗ ಆಯಿತು. "ನೋಡು, ಪುಣ್ಯಕೋಟಿ ಪ್ರೀತಿ ಕೇಳೋದೇ ಇಲ್ಲ, ಏಟು ಬೇಡ ಅಂತ ಮಾತ್ರ ಕೇಳ್ತಾಳೆ" ಅಂತ ನಾನು ದೊಡ್ಡದಾಗಿ ಹೇಳಿದೆ. ಅವನು ಬೆರಳಿಟ್ಟು ಮುಂದಿನ ಸಾಲು ತೋರಿಸಿದ: 'ನಿಮ್ಮ ಕಂದನೆಂದು ಕಾಣಿರಿ'. ಅಲ್ಲಿಗೆ ನನ್ನ ಮಾತು ಬಿದ್ದುಹೋಯಿತು. ಪ್ರೀತಿ ಕೇಳುತ್ತಾಳೆ, ಆದರೆ ಮೊದಲು ಏಟು ತಪ್ಪಿಸಿ ಆಮೇಲೆ ಕೇಳುತ್ತಾಳೆ ಅಂತ ತಿದ್ದಿಕೊಂಡೆ. ತಿದ್ದಿಕೊಂಡ ಮಾತೇ ಮೊದಲಿನದಕ್ಕಿಂತ ಚೆನ್ನಾಗಿತ್ತು ಅನ್ನಿ.

ಅಂದರೆ ಬೇರೆ ಬೇರೆ ಉತ್ತರಗಳು ಸರಿ ಇರಬಹುದು, ಆದರೆ ಪಠ್ಯ ಒಪ್ಪಬೇಕು. ಅದೇ ಪದ್ಯದ ಇನ್ನೊಂದು ಸಾಲು ನಿಮ್ಮ ಉತ್ತರವನ್ನು ಸುಳ್ಳು ಮಾಡಿದರೆ ಉತ್ತರ ಬದಲಿಸಬೇಕು. ಈ ನಿಯಮ ಮಗುವಿಗೂ ಒಂದೇ, ದೊಡ್ಡಮ್ಮನಿಗೂ ಒಂದೇ.

ಇನ್ನೊಂದು ಸಣ್ಣ ಉಪಾಯ: ಎರಡು ಸಲ ಬರುವ ಮಾತನ್ನು ಹುಡುಕಲು ಹೇಳಿ. 'ಮೆಚ್ಚನಾ ಪರಮಾತ್ಮನು' ಅನ್ನುವುದು ಮೊದಲು ಹಸುವಿನ ಬಾಯಲ್ಲಿ ಬರುತ್ತದೆ, ಸತ್ಯಕ್ಕೆ ತಪ್ಪಿದರೆ ದೇವರು ಮೆಚ್ಚುವುದಿಲ್ಲ ಅಂತ. ಕೊನೆಗೆ ಅದೇ ಮಾತು ಹುಲಿಯ ಬಾಯಲ್ಲಿ ಬರುತ್ತದೆ, ಇವಳನ್ನು ತಿಂದರೆ ದೇವರು ಮೆಚ್ಚುವುದಿಲ್ಲ ಅಂತ. ಹುಲಿ ಬದಲಾಯಿತು ಅಂತ ಕವಿ ಎಲ್ಲೂ ಬಿಡಿಸಿ ಹೇಳಬೇಕಾಗಿಲ್ಲ. ಹಸುವಿನ ಮಾತು ಹುಲಿಯ ಬಾಯಿಗೆ ಬಂತಲ್ಲ.

ಉಪಮೆ, ರೂಪಕದ ಗಲಾಟೆ

ಅಲಂಕಾರಗಳ ಬಗ್ಗೆ ಒಂದೇ ಮಾತು. 'ಸೀತೆಯ ಮುಖ ಕಮಲದಂತೆ ಅರಳಿತು' ಅಂದರೆ ಉಪಮೆ, ಇದು ಅದರ ಹಾಗಿದೆ ಅನ್ನುವುದು. 'ಮುಖಕಮಲ ಅರಳಿತು' ಅಂದರೆ ರೂಪಕ, ಇದೇ ಅದು ಅನ್ನುವುದು. ಮಕ್ಕಳು ಹೆಸರು ಗುರುತಿಸಿ 'ಇಲ್ಲಿ ಉಪಮಾಲಂಕಾರವಿದೆ' ಅಂತ ಬರೆದರೆ ವ್ಯಾಕರಣ ಆಯಿತು, ಸ್ವಾರಸ್ಯ ಆಗಲಿಲ್ಲ. ಕಮಲವೇ ಯಾಕೆ, ಮಲ್ಲಿಗೆ ಯಾಕಲ್ಲ ಅಂತ ಕೇಳಿ. ಕಮಲ ಬೆಳಗಿನ ಬಿಸಿಲಿಗೆ ಅರಳುತ್ತದೆ, ಮಲ್ಲಿಗೆ ಸಂಜೆ ಅರಳುತ್ತದೆ. ಹಾಗಾದರೆ ಸೀತೆಯ ಎದುರಿಗೆ ಯಾವ ಸೂರ್ಯ ಬಂದ? ಅಲ್ಲಿಂದ ಶುರುವಾಗುತ್ತದೆ.

ಕ್ಲಾಸಿನಲ್ಲಿ ಏನು ಮಾಡಬಹುದು

ಗಾದೆಯಿಂದ ಶುರು ಮಾಡುವುದು ಸುಲಭ, ಒಂದೇ ಸಾಲು ಇರುತ್ತದೆ. 'ತುಂಬಿದ ಕೊಡ ತುಳುಕುವುದಿಲ್ಲ' ಅಂದರೆ ಈಗಿನ ಮಕ್ಕಳು ಸೊಂಟದ ಮೇಲೆ ಕೊಡ ಹೊತ್ತವರಲ್ಲ. ಎರಡು ನೀರಿನ ಬಾಟಲಿ ತರಿಸಿ. ಒಂದು ಭರ್ತಿ, ಒಂದು ಅರ್ಧ. ಎರಡನ್ನೂ ಬ್ಯಾಗಿಗೆ ಹಾಕಿ ಒಬ್ಬ ಹುಡುಗ ವರಾಂಡದಲ್ಲಿ ಓಡಲಿ. ಯಾವುದು ಗುಳುಗುಳು ಅನ್ನುತ್ತದೆ? ಆಮೇಲೆ ಕೇಳಿ, ಇದು ಬಾಟಲಿಯ ವಿಷಯವಾ, ಮನುಷ್ಯರ ವಿಷಯವಾ? ಹೇಳಿದ್ದು ಒಂದು, ಹೊಳೆಯುವುದು ಇನ್ನೊಂದು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಇದಕ್ಕೆ ಹಳಬರು ಧ್ವನಿ ಅನ್ನುತ್ತಿದ್ದರು. ಆ ಪದವನ್ನು ಮಕ್ಕಳಿಗೆ ಕೊನೆಯಲ್ಲಿ ಹೇಳಿದರೆ ಸಾಕು.

ಪ್ರಶ್ನೆ ಕೇಳಿದ ಮೇಲೆ ಕಾಯುವುದು ಇನ್ನೊಂದು ವಿಷಯ. 1970ರ ದಶಕದಲ್ಲಿ ಅಮೆರಿಕದ ಮೇರಿ ಬಡ್ ರೋವ್ ಅನ್ನುವ ಸಂಶೋಧಕಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಲೆಕ್ಕ ಹಾಕಿದರು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅಷ್ಟರಲ್ಲಿ ಉತ್ತರ ಬರದಿದ್ದರೆ ಮುಂದಿನ ಮಗುವಿಗೆ ಹೋಗುತ್ತಿದ್ದರು, ಇಲ್ಲವೇ ತಾವೇ ಹೇಳಿಬಿಡುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುವ ಮಕ್ಕಳೂ ಬಾಯಿ ಬಿಟ್ಟರು. ನಮ್ಮ ಮನೆಯಲ್ಲಿ ಗೌರಿ ಹಸು ನೆನಪಾಗಿದ್ದು ಇಂಥ ಒಂದು ಸುಮ್ಮನಿರುವಿಕೆಯಲ್ಲೇ. ಹೇಳಿದಷ್ಟು ಸುಲಭ ಅಲ್ಲ ಇದು. 3 ಸೆಕೆಂಡ್ ಸುಮ್ಮನಿದ್ದು ನೋಡಿ, ಯುಗ ಅನ್ನಿಸುತ್ತದೆ.

ಗುಂಪಿನಲ್ಲಿ ಓದಿಸುವ ಒಂದು ವಿಧಾನವೂ ಇದೆ. 1984ರಲ್ಲಿ ಪಾಲಿಂಕ್ಸಾರ್ ಮತ್ತು ಬ್ರೌನ್ ಅನ್ನುವ ಇಬ್ಬರು ಇದನ್ನು ಓದಿನಲ್ಲಿ ಹಿಂದಿದ್ದ ಏಳನೇ ತರಗತಿ ಮಕ್ಕಳ ಜೊತೆ ಮಾಡಿ ನೋಡಿದ್ದರು. ಒಂದು ಪ್ಯಾರಾ ಓದಬೇಕು. ಒಬ್ಬರು ಅದನ್ನು ಚಿಕ್ಕದಾಗಿ ಹೇಳಬೇಕು, ಒಬ್ಬರು ಪ್ರಶ್ನೆ ಕೇಳಬೇಕು, ಒಬ್ಬರು ಅರ್ಥವಾಗದ ಪದ ಬಿಡಿಸಬೇಕು, ಇನ್ನೊಬ್ಬರು ಮುಂದೇನಾಗಬಹುದು ಅಂತ ಊಹಿಸಬೇಕು. ಮೊದಲು ಶಿಕ್ಷಕರು ಮಾಡಿ ತೋರಿಸುತ್ತಾರೆ, ಆಮೇಲೆ ಮಕ್ಕಳೇ ಸರದಿಯಂತೆ ಶಿಕ್ಷಕರ ಜಾಗ ತೆಗೆದುಕೊಳ್ಳುತ್ತಾರೆ. ಓದಿದ್ದನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ಆ ಮಕ್ಕಳು ಚೆನ್ನಾಗಿ ಮುಂದೆ ಬಂದರು. ಕಥೆ ಓದುವಾಗ 'ಮುಂದೇನಾಗುತ್ತೆ' ಅನ್ನುವುದಕ್ಕೆ ಮಕ್ಕಳು ತಾವಾಗಿಯೇ ಕಿತ್ತಾಡುತ್ತಾರೆ. ಅದನ್ನೇ ಪಾಠವಾಗಿ ಬಳಸಿಕೊಂಡಂತೆ.

ಹತ್ತು ಸಲ ಓದಿದರೂ ಯಾಕೆ ಮರೆತುಹೋಗುತ್ತದೆ?

ಈಗ ಓದುವ ಅಭ್ಯಾಸಕ್ಕೆ ಬರೋಣ. ನಮ್ಮ ಹುಡುಗ ಓದಿರಲಿಲ್ಲ ಅಂತಲ್ಲ. ಪರೀಕ್ಷೆಯ ಹಿಂದಿನ ದಿನ ಪಾಠವನ್ನು ಐದು ಸಲ ಓದಿದ್ದ. ಹಳದಿ ಸ್ಕೆಚ್ ಪೆನ್ನಿನಲ್ಲಿ ಇಡೀ ಪುಟ ಬಳಿದಿದ್ದ. ಬೆಳಿಗ್ಗೆ ಎದ್ದಾಗ ಅರ್ಧ ಹೋಗಿತ್ತು.

ಬೈಕಿನ ಹಿಂದಿನ ಸೀಟಿನಲ್ಲಿ ಕೂತು ಯಾರದೋ ಮನೆಗೆ ಹತ್ತು ಸಲ ಹೋಗಿರುತ್ತೀರಿ. ದಾರಿ ಗೊತ್ತು ಅಂದುಕೊಂಡಿರುತ್ತೀರಿ. ಒಂದು ದಿನ ಒಬ್ಬರೇ ಹೊರಟರೆ ಎರಡನೇ ಸರ್ಕಲ್ಲಿನಲ್ಲೇ ಗೊಂದಲ. ಎಡಕ್ಕಾ, ಬಲಕ್ಕಾ? ಪುಸ್ತಕ ತೆರೆದಿಟ್ಟುಕೊಂಡು ಮತ್ತೆ ಮತ್ತೆ ಓದುವುದು ಹಿಂದಿನ ಸೀಟಿನ ಪ್ರಯಾಣ. ಎಲ್ಲವೂ ಪರಿಚಿತ ಅನ್ನಿಸುತ್ತದೆ. ಪರಿಚಯ ಇರುವುದಕ್ಕೂ ನೆನಪಿರುವುದಕ್ಕೂ ವ್ಯತ್ಯಾಸ ಇದೆ ಅಂತ ಗೊತ್ತಾಗುವುದು ಪರೀಕ್ಷೆ ಹಾಲಿನಲ್ಲಿ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಅಳೆದು ತೋರಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಬರಹಗಳನ್ನು ಕೊಟ್ಟರು. ಕೆಲವನ್ನು ಎರಡು ಸಲ ಓದಬೇಕಿತ್ತು. ಕೆಲವನ್ನು ಒಂದು ಸಲ ಓದಿ, ಮುಚ್ಚಿಟ್ಟು, ನೆನಪಿದ್ದದ್ದನ್ನು ಬರೆಯಬೇಕಿತ್ತು. 5 ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮುಂದು, ಶೇ. 81ಕ್ಕೆ ಶೇ. 75. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ತಿರುಗುಮುರುಗು. ಬರೀ ಓದಿದ್ದರಲ್ಲಿ ಉಳಿದದ್ದು ಶೇ. 42, ಮುಚ್ಚಿಟ್ಟು ಬರೆದದ್ದರಲ್ಲಿ ಶೇ. 56.

ಅವರು ಕಾಲೇಜಿನವರು ಅನ್ನಬಹುದು. ಇಲಿನಾಯ್ ರಾಜ್ಯದ ಒಂದು ಶಾಲೆಯಲ್ಲಿ ಎಂಟನೇ ತರಗತಿಯ ವಿಜ್ಞಾನ ಪಾಠದಲ್ಲೂ ಇದನ್ನು ನೋಡಿದರು. ಕೆಲವು ವಿಷಯಗಳ ಮೇಲೆ ತರಗತಿಯಲ್ಲೇ ಸಣ್ಣ ಸಣ್ಣ ರಸಪ್ರಶ್ನೆ ಇಟ್ಟರು, ಕೆಲವಕ್ಕೆ ಇಡಲಿಲ್ಲ. ಆಮೇಲೆ ನಡೆದ ಪರೀಕ್ಷೆಯಲ್ಲಿ, ಪ್ರಶ್ನೆ ಇಟ್ಟ ವಿಷಯಗಳಲ್ಲಿ ಅದೇ ಮಕ್ಕಳು ಜಾಸ್ತಿ ಅಂಕ ತೆಗೆದರು. 2013ರಲ್ಲಿ ಡನ್ಲಾಸ್ಕಿ ಮತ್ತು ಸಂಗಡಿಗರು ಓದುವ 10 ವಿಧಾನಗಳನ್ನು ತೂಗಿ ನೋಡಿದರು. ಮೇಲಿನ ದರ್ಜೆ ಸಿಕ್ಕಿದ್ದು ಎರಡಕ್ಕೆ ಮಾತ್ರ: ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದು, ಮತ್ತು ಓದನ್ನು ಹಲವು ದಿನಗಳಿಗೆ ಹಂಚಿಕೊಳ್ಳುವುದು. ಬಣ್ಣ ಬಳಿಯುವುದು, ಮತ್ತೆ ಮತ್ತೆ ಓದುವುದು ಕೆಳಗಿನ ದರ್ಜೆ. ಸ್ಕೆಚ್ ಪೆನ್ನಿನ ಪ್ಯಾಕೆಟ್ಟನ್ನು ನಾನೇ ಕೊಡಿಸಿದ್ದೆ ಅನ್ನುವುದು ಬೇರೆ ವಿಷಯ.

ತುಳಸಿ ಕಟ್ಟೆಯ ನೀರು

ತುಳಸಿಗೆ ದಿನಾ ಒಂದು ಚೊಂಬು ನೀರು ಹಾಕುತ್ತೇವೆ. ವಾರದ ನೀರನ್ನೆಲ್ಲ ಭಾನುವಾರ ಒಮ್ಮೆಲೇ ಸುರಿದರೆ? ಹರಿದು ಅಂಗಳಕ್ಕೆ ಹೋಗುತ್ತದೆ. ಓದೂ ಹಾಗೇ. ಭಾನುವಾರ ಎರಡು ಗಂಟೆ ಓದುವುದಕ್ಕಿಂತ ಅದೇ ಎರಡು ಗಂಟೆಯನ್ನು ನಾಲ್ಕು ದಿನಕ್ಕೆ ಹಂಚಿದರೆ ಹೆಚ್ಚು ಉಳಿಯುತ್ತದೆ. ಜರ್ಮನಿಯ ಎಬ್ಬಿಂಗ್‌ಹೌಸ್ ಅನ್ನುವವರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಉರು ಹೊಡೆದು, ಎಷ್ಟು ಬೇಗ ಮರೆಯುತ್ತೇವೆ ಅಂತ 1885ರಲ್ಲೇ ಬರೆದಿದ್ದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ದಡದಡ ಓಡುತ್ತದೆ, ಆಮೇಲೆ ನಿಧಾನ ಆಗುತ್ತದೆ. ಅದಕ್ಕೇ ಪಾಠ ಮಾಡಿದ ದಿನ ಸಂಜೆಯ ಹತ್ತು ನಿಮಿಷಕ್ಕೆ ಅಷ್ಟು ಬೆಲೆ.

ನಾವು ಮಾಡಿಕೊಂಡ ವ್ಯವಸ್ಥೆ ಹೇಳುತ್ತೇನೆ. ನೋಟ್‌ಬುಕ್ಕಿನ ಎಡಗಡೆಯ ಮಾರ್ಜಿನ್ ಇದೆಯಲ್ಲ, ಅದನ್ನು ಸ್ವಲ್ಪ ಅಗಲ ಮಾಡಿದೆವು. ಬಲಗಡೆ ನೋಟ್ಸು, ಎಡಗಡೆ ಅದರ ಬಗ್ಗೆ ಅವನದೇ ಪ್ರಶ್ನೆ. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಅನ್ನುವವರು ಬಳಕೆಗೆ ತಂದ ವಿಧಾನದ ಸುಲಭ ರೂಪ ಇದು. ಸಂಜೆ ಬಲಗಡೆಯನ್ನು ಸ್ಕೇಲಿನಿಂದಲೋ ಕೈಯಿಂದಲೋ ಮುಚ್ಚಿ, ಎಡಗಡೆಯ ಪ್ರಶ್ನೆಗೆ ಬಾಯಲ್ಲಿ ಉತ್ತರ. ಬರದಿದ್ದರೆ ಪಕ್ಕದಲ್ಲಿ ಚುಕ್ಕಿ. ಎರಡು ದಿನ ಬಿಟ್ಟು ಚುಕ್ಕಿ ಇರುವವು ಮಾತ್ರ, ವಾರ ಬಿಟ್ಟು ಎಲ್ಲವೂ. ಮೊದಲ ವಾರ ಅವನಿಗೆ ಸಿಟ್ಟೇ ಬಂತು. "ಸುಮ್ನೆ ಓದಿದ್ರೆ ಎಲ್ಲ ಗೊತ್ತಿರುತ್ತೆ, ಮುಚ್ಚಿದ್ರೆ ಏನೂ ಬರಲ್ಲ" ಅಂದ. ಅದು ನಿಜವೇ. ಮುಚ್ಚಿ ಹೇಳುವುದು ಕಷ್ಟ, ಓದಿದ್ದು ಗಟ್ಟಿಯಾಗುವುದೂ ಆ ಕಷ್ಟದಿಂದಲೇ. ಇದನ್ನು ಮಗುವಿಗೆ ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ತನಗೆ ಬುದ್ಧಿ ಕಮ್ಮಿ ಅಂದುಕೊಳ್ಳುತ್ತದೆ.

ನಿದ್ದೆ ಕೆಟ್ಟು ಓದಿಸಬೇಡಿ. ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆಯ ಪ್ರಕಾರ 6ರಿಂದ 12 ವರ್ಷದ ತನಕ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರ ತನಕ 8ರಿಂದ 10 ಗಂಟೆ ನಿದ್ದೆ ಬೇಕು.

ಬಾಯಿಪಾಠ ಬೇಡವೇ ಬೇಡವಾ?

ಪದ್ಯವನ್ನು ಬಾಯಿಪಾಠ ಮಾಡಿಸಿ, ಸ್ವಾರಸ್ಯವನ್ನು ಬಾಯಿಪಾಠ ಮಾಡಿಸಬೇಡಿ ಅನ್ನುತ್ತೇನೆ ನಾನು. ಪಾಠದ ಕೊನೆಯಲ್ಲಿ 'ಈ ಪದ್ಯವನ್ನು ಕಂಠಪಾಠ ಮಾಡಿರಿ' ಅಂತ ಇರುವುದನ್ನು ಕೆಲವರು ಈಗ ಹಳೇ ಕಾಲದ್ದು ಅಂತ ಆಡಿಕೊಳ್ಳುತ್ತಾರೆ. ಪದ್ಯ ಬಾಯಲ್ಲಿ ಇಲ್ಲದಿದ್ದರೆ ಮೂವತ್ತು ಸಾಲಿನ ಆಚೆ ಅದೇ ಮಾತು ಮತ್ತೆ ಬಂದಿದ್ದು ಗೊತ್ತಾಗುವುದು ಹೇಗೆ? ಬಸ್ಸಿನಲ್ಲಿ ಕೂತಾಗಲೋ ಸ್ನಾನ ಮಾಡುವಾಗಲೋ ಮನಸ್ಸು ಮೆಲುಕು ಹಾಕಬೇಕಾದರೆ ಮೊದಲು ಮೇವು ಹೊಟ್ಟೆಯಲ್ಲಿರಬೇಕು. ಗೈಡಿನ ಸ್ವಾರಸ್ಯ ಉರು ಹೊಡೆಯುವುದು ಬೇರೆ ಹಸು ಮೆಲುಕು ಹಾಕಿದ್ದನ್ನು ತಂದು ತಿನ್ನಿಸಿದ ಹಾಗೆ.

ಆದರೆ ಪರೀಕ್ಷೆಯಲ್ಲಿ ಗೈಡಿನ ಉತ್ತರಕ್ಕೇ ಅಂಕ ಕೊಟ್ಟರೆ ಏನು ಮಾಡುವುದು? ಕೆಲವು ಕಡೆ ಹಾಗೆ ಆಗುತ್ತದೆ. ತೀರಾ ಸರಳ ದಾರಿ ಒಂದಿದೆ. ಮೊದಲ ವಾಕ್ಯದಲ್ಲಿ ಎಲ್ಲರೂ ಒಪ್ಪುವ ಮಾತು ಇರಲಿ, 'ಇಲ್ಲಿ ತಾಯಿಯ ಪ್ರೀತಿ ವ್ಯಕ್ತವಾಗಿದೆ' ಅಂತ. ಎರಡು, ಮೂರನೇ ವಾಕ್ಯ ಮಗುವಿನದಾಗಲಿ, ಯಾವ ಪದದಿಂದ, ಹೇಗೆ ಅಂತ. ತಿದ್ದುವವರಿಗೆ ಬೇಕಾದದ್ದೂ ಸಿಗುತ್ತದೆ, ಮಗು ಯೋಚಿಸಿದ್ದೂ ಉಳಿಯುತ್ತದೆ. ನಮ್ಮ ಹುಡುಗ ಆ ಪ್ರಶ್ನೆಯನ್ನು ಮತ್ತೆ ಬರೆದಿದ್ದು ಹೀಗೆ:

"ಸ್ವಾರಸ್ಯ: ಇಲ್ಲಿ ತಾಯಿಯ ಪ್ರೀತಿ ವ್ಯಕ್ತವಾಗಿದೆ. ಬೇರೆ ಕರು ಹತ್ತಿರ ಬಂದರೆ ಹಸುಗಳು ಹಾಯುತ್ತವೆ, ಒದೆಯುತ್ತವೆ ಎಂದು ಪುಣ್ಯಕೋಟಿಗೆ ಗೊತ್ತು. ಆದ್ದರಿಂದ ಮೊದಲು ಏಟು ಬೇಡ ಎಂದು ಕೇಳಿ, ಆಮೇಲೆ ನಿಮ್ಮ ಕಂದ ಎಂದು ನೋಡಿ ಎನ್ನುತ್ತಾಳೆ."

ಮೂರು ವಾಕ್ಯ. 'ಸ್ವಾರಸ್ಯಕರವಾಗಿ' ಅನ್ನುವ ಪದ ಎಲ್ಲೂ ಇಲ್ಲ.

ಮೊನ್ನೆ ಅವನೇ ಫೋನ್ ಮಾಡಿದ. ಪರೀಕ್ಷೆ ಏನೂ ಹತ್ತಿರದಲ್ಲಿ ಇರಲಿಲ್ಲ. "ದೊಡ್ಡಮ್ಮ, ಕೊನೇಲಿ ಹುಲಿ ಅವಳನ್ನ 'ಒಡಹುಟ್ಟಕ್ಕ' ಅನ್ನುತ್ತೆ ಅಲ್ವಾ? ದೊಡ್ಡಿಲಿ ಅವಳು ಬೇರೆ ಹಸುಗಳನ್ನ ಕರೆದಿದ್ದೂ ಒಡಹುಟ್ಟುಗಳಿರಾ ಅಂತಾನೇ. ಆದ್ರೆ ಆಗ ಹುಲಿ ಅಲ್ಲಿ ಇರಲೇ ಇಲ್ಲ. ಅದಕ್ಕೆ ಹೇಗೆ ಗೊತ್ತಾಯ್ತು?"

ನನಗೂ ತಕ್ಷಣ ಹೊಳೆಯಲಿಲ್ಲ. ಮಾರ್ಜಿನ್‌ನಲ್ಲಿ ಬರೆದಿಟ್ಟುಕೋ, ಭಾನುವಾರ ಬಾ ಅಂದೆ.